ಲಾಗ್-3: ಸೋವಿಯತ್ ಮರದ ಯುದ್ಧವಿಮಾನವೊಂದರ ಚರಿತ್ರೆ

ಸ್ಪೇನಿನ ಅಂತರ್ಯುದ್ಧದ ಮೊದಲ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದ ಐ-16 ಯುದ್ಧವಿಮಾನಗಳು ಆಕಾಶದಲ್ಲಿ ಮೇಲುಗೈ ಪಡೆದಿದ್ದವಾದರೂ, ಜರ್ಮನಿಯ ಮೆಸ್ಸರ್‌ಶ್ಮಿಟ್ 109 ವಿಮಾನದ ಸುಧಾರಿತ ರೂಪಗಳು ಅಲ್ಲಿಗೆ ಬಂದ ಮೇಲೆ ಆ ಮೇಲುಗೈ ಉಳಿಯಲಿಲ್ಲ. ಐ-16ಕ್ಕೆ ಬದಲಿಯಾಗಿ ಗಂಟೆಗೆ 600 ಕಿಲೋಮೀಟರಿನ ಆಸುಪಾಸಿನ ವೇಗದ ಹೊಸ ಯುದ್ಧವಿಮಾನವೊಂದು ತುರ್ತಾಗಿ ಬೇಕೆಂಬುದು 1939ರ ಹೊತ್ತಿಗೆ ಮಾಸ್ಕೋಗೆ ಮನದಟ್ಟಾಗಿತ್ತು. ಆದರೆ ಅಂಥ ವಿಮಾನವನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕಟ್ಟಲು ಬೇಕಾಗುವ ಅಲ್ಯೂಮಿನಿಯಂ ದೇಶದಲ್ಲಿ ಇರಲಿಲ್ಲ. ವೋಲ್ಖೋವ್, ಝಪೊರೋಝ್ಯ ಮತ್ತು ಯುರಾಲ್ ಪ್ರದೇಶದ ಕಾಮೆನ್ಸ್ಕ್, ಈ ಮೂರು ಕಡೆಗಳ ಕಾರ್ಖಾನೆಗಳು ಕರಗಿಸಿ ಕೊಡುತ್ತಿದ್ದ ಲೋಹವೆಲ್ಲ ಮೊದಲು ಬಾಂಬರ್‌ಗಳಿಗೂ ಎಂಜಿನ್‌ಗಳಿಗೂ ಸಲ್ಲುತ್ತಿತ್ತು. ಕಾಡಿಗೆ ಮಾತ್ರ ಆ ದೇಶದಲ್ಲಿ ಎಂದೂ ಬರವಿರಲಿಲ್ಲ. ಬರ್ಚ್ ಮತ್ತು ಪೈನ್ ಮರಗಳು ಬೇಕಾದಷ್ಟಿದ್ದವು, ಮರಗೆಲಸ ಬಲ್ಲ ಕೈಗಳೂ ಇದ್ದವು. ಇಡೀ ವಿಮಾನವನ್ನು ಮರದಲ್ಲೇ ಕಟ್ಟುವ ಯೋಚನೆ ಹುಟ್ಟಿದ್ದು ಈ ಒತ್ತಡದಿಂದ. ಅದನ್ನು ಹಳೆಯ ಕಾಲದ ಹಿಡಿತ ಬಿಡದವರ ಹಟವೆಂದು ಬಗೆಯುವುದು ಸರಿಯಲ್ಲ.

ಈ ಯೋಜನೆಯನ್ನು ಮುಂದಿಟ್ಟವರು ವಿಮಾನ ಕೈಗಾರಿಕೆಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಮೂವರು ಎಂಜಿನಿಯರುಗಳು: ಸೆಮ್ಯೋನ್ ಲಾವೊಚ್ಕಿನ್, ವ್ಲಾದಿಮಿರ್ ಗೋರ್ಬುನೋವ್ ಮತ್ತು ಮಿಖಾಯಿಲ್ ಗುದ್ಕೋವ್. ಮುಂದೆ ಈ ಮೂವರ ಹೆಸರುಗಳ ಮೊದಲ ಅಕ್ಷರಗಳೇ ಸೇರಿ ವಿಮಾನದ ಹೆಸರಾದವು. ಮಾಸ್ಕೋದ ಹೊರವಲಯದ ಖಿಮ್ಕಿಯಲ್ಲಿ, ಹಿಂದೆ ಪೀಠೋಪಕರಣಗಳನ್ನು ಮಾಡುತ್ತಿದ್ದ 301ನೆಯ ಸಂಖ್ಯೆಯ ಕಾರ್ಖಾನೆಯನ್ನು ಅವರಿಗೆ ಬಿಟ್ಟುಕೊಡಲಾಯಿತು.

ಅವರ ನೆಚ್ಚಿಕೆಯೆಲ್ಲ ಡೆಲ್ಟಾ ಮರವೆಂಬ ಹೊಸ ವಸ್ತುವಿನ ಮೇಲಿತ್ತು. ವಿಮಾನದ ಪ್ರೊಪೆಲ್ಲರ್‌ಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಎಂಜಿನಿಯರ್ ಲಿಯೊಂತಿ ರಿಝ್ಕೋವ್ ರೂಪಿಸಿದ ಈ ವಸ್ತುವಿನಲ್ಲಿ, ಅರ್ಧ ಮಿಲಿಮೀಟರಿನಷ್ಟು ತೆಳುವಾಗಿ ಸೀಳಿದ ಬರ್ಚ್ ಪದರಗಳಿಗೆ ಫಾರ್ಮಾಲ್ಡಿಹೈಡ್ ಬೆರೆತ ಕೃತಕ ರಾಳವನ್ನು ಕುಡಿಸಿ, ಅವನ್ನು ಒಂದರ ಮೇಲೊಂದು ಜೋಡಿಸಿ, ಬಿಸಿಯಲ್ಲಿ ಬಲವಾಗಿ ಒತ್ತಿ ಒಂದೇ ಹಲಗೆಯನ್ನಾಗಿ ಮಾಡಲಾಗುತ್ತಿತ್ತು. ಹೀಗೆ ಸಿದ್ಧವಾದ ಹಲಗೆ ಸಾಮಾನ್ಯ ಮರಕ್ಕಿಂತ ಎಷ್ಟೋ ಪಾಲು ಗಟ್ಟಿಯಾಗಿರುತ್ತಿತ್ತು, ತೇವಕ್ಕೆ ಉಬ್ಬುತ್ತಿರಲಿಲ್ಲ, ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುತ್ತಿರಲಿಲ್ಲ. ಈ ಹಲಗೆಯ ಮಾದರಿಯನ್ನು ಮುಂದಿಟ್ಟಾಗ ಸ್ಟಾಲಿನ್ ತನ್ನ ಪೈಪಿನ ಕೆಂಡವನ್ನು ಅದಕ್ಕೆ ತಾಗಿಸಿ, ಚಾಕುವಿನಿಂದ ಕೆರೆದು ಪರೀಕ್ಷಿಸಿದನೆಂಬ ಕಥೆ ಸೋವಿಯತ್ ವಿಮಾನಶಿಲ್ಪಿಗಳ ವಲಯದಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಕಥೆಯ ನಿಜಾಂಶ ಎಷ್ಟೇ ಇರಲಿ, ಮರ ಉರಿಯುವುದಿಲ್ಲವೆಂದು ಮೇಲಿನವರನ್ನು ಒಪ್ಪಿಸುವುದೇ ಆಗಿನ ದೊಡ್ಡ ಸವಾಲಾಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಡೆಲ್ಟಾ ಮರಕ್ಕೆ ಒಂದು ದೋಷವೂ ಇತ್ತು: ರಾಳ ಕುಡಿದ ಕಾರಣ ಅದು ಸಾಮಾನ್ಯ ಪೈನ್ ಮರದ ಎರಡು ಪಟ್ಟಿಗೂ ಮಿಕ್ಕಿ ತೂಗುತ್ತಿತ್ತು. ಆದ್ದರಿಂದ ಅದನ್ನು ಇಡೀ ವಿಮಾನಕ್ಕೆ ಬಳಸದೆ, ಹೆಚ್ಚು ಹೊರೆ ಬೀಳುವ ಕಡೆ ಮಾತ್ರ, ಅಂದರೆ ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆಗಳು ಮತ್ತು ಮುಖ್ಯ ಕೀಲುಗಳಂಥ ಜಾಗಗಳಲ್ಲಿ ಇರಿಸಿ, ಉಳಿದದ್ದನ್ನು ಪೈನ್ ಮತ್ತು ಬರ್ಚ್ ಪ್ಲೈವುಡ್‌ನಲ್ಲಿ ಕಟ್ಟಿದರು.

ವಿಮಾನದ ಒಡಲನ್ನು ಕಟ್ಟುತ್ತಿದ್ದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು; ಮುಂದಿನ ಕಥೆಯ ತಿರುವಿಗೆ ಅದೇ ಕಾರಣವಾಯಿತು. ಮರದ ಅಡ್ಡಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಬರ್ಚ್ ಪದರದ ಪಟ್ಟಿಗಳನ್ನು ಓರೆಯಾಗಿ, ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡಬರುವಂತೆ ಅಂಟಿಸುತ್ತ ಹೋಗುತ್ತಿದ್ದರು. ಎಂಜಿನ್ನಿನ ಭಾರ ಬೀಳುವ ಮುಂಭಾಗದಲ್ಲಿ ಈ ಹೊದಿಕೆ ಸುಮಾರು 9.5 ಮಿಲಿಮೀಟರ್ ದಪ್ಪವಿದ್ದು, ಬಾಲದತ್ತ ಹೋದಂತೆ 3 ಮಿಲಿಮೀಟರಿಗೆ ಇಳಿಯುತ್ತಿತ್ತು. ಒಡಲಿನ ಬಲವೆಲ್ಲ ಈ ಹೊದಿಕೆಯಲ್ಲೇ ಇದ್ದುದರಿಂದ ಗುಂಡು ಹೊಕ್ಕು ಹೊರಬಂದರೂ ವಿಮಾನ ಕುಸಿಯುತ್ತಿರಲಿಲ್ಲ. ಇಂಧನದ ತೊಟ್ಟಿಗಳಿಗೆ ರಂಧ್ರ ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವ ಹೊದಿಕೆಯಿತ್ತು. ಇಂಧನ ಖಾಲಿಯಾದಂತೆ ತೊಟ್ಟಿಯಲ್ಲಿ ತುಂಬುವ ಆವಿ ಸಿಡಿಯದಿರಲೆಂದು ಎಂಜಿನ್ನಿನ ಹೊಗೆಯನ್ನು ತಣಿಸಿ ಅದರೊಳಕ್ಕೆ ಹಾಯಿಸುವ ಏರ್ಪಾಡೂ ಇತ್ತು. ಏಟು ತಿಂದು ತಡೆದುಕೊಳ್ಳುವ ವಿಷಯದಲ್ಲಿ ಈ ವಿಮಾನ ತನ್ನ ಸಮಕಾಲೀನರಲ್ಲಿ ಯಾವುದಕ್ಕೂ ಕಡಿಮೆಯಿರಲಿಲ್ಲ.

ಐ-301 ಎಂದು ಕರೆಯಲಾದ ಮೊದಲ ಮಾದರಿ 1940ರ ಮಾರ್ಚ್ ಕೊನೆಯಲ್ಲಿ, ಪರೀಕ್ಷಾ ಪೈಲಟ್ ಅಲೆಕ್ಸೇಯ್ ನಿಕಾಶಿನ್ ಅವರ ಕೈಯಲ್ಲಿ ಮೊದಲ ಸಲ ಹಾರಿತು. ಗಾಢ ಚೆರ್ರಿ ಬಣ್ಣದ ಮೆರುಗೆಣ್ಣೆ ಬಳಿದು, ಮೇಲ್ಮೈ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದ್ದ ಆ ಮಾದರಿಯ ಭಾರ 3,000 ಕಿಲೋಗ್ರಾಮಿಗಿಂತ ತುಸು ಕಡಿಮೆಯಿತ್ತು, ಮತ್ತು ಅದು ಸುಮಾರು 5,000 ಮೀಟರ್ ಎತ್ತರದಲ್ಲಿ ಗಂಟೆಗೆ 605 ಕಿಲೋಮೀಟರ್ ವೇಗವನ್ನು ಮುಟ್ಟಿತು. ಅದರ ಎಂಜಿನ್, ಕ್ಲಿಮೋವ್ ಅವರ ವಿನ್ಯಾಸ ಕಚೇರಿಯ ಎಂ-105ಪಿ, ಫ್ರಾನ್ಸಿನ ಹಿಸ್ಪಾನೊ-ಸುಯಿಝಾ ಎಂಜಿನ್ನಿನಿಂದ ಬೆಳೆದುಬಂದದ್ದು. ಎರಡು ಸಾಲುಗಳಲ್ಲಿ 12 ಸಿಲಿಂಡರುಗಳಿದ್ದ, ನೀರಿನಿಂದ ತಣಿಯುವ ಈ ಎಂಜಿನ್ನಿನ ಶಕ್ತಿ 1,050 ಅಶ್ವಶಕ್ತಿಯ ಆಸುಪಾಸಿನದು. ಹಾರಾಟದಲ್ಲಿ ಎಣ್ಣೆಯೂ ನೀರೂ ವಿಪರೀತ ಕಾಯುತ್ತವೆ, ಪೈಲಟ್ಟಿನ ಕೋಣೆ ಬಿಸಿಯಾಗುತ್ತದೆ, ಗಾಜಿನ ಮುಚ್ಚಳದಿಂದ ಹೊರಗಿನದು ಸರಿಯಾಗಿ ಕಾಣಿಸುವುದಿಲ್ಲ ಎಂಬಂಥ ದೋಷಗಳ ಉದ್ದ ಪಟ್ಟಿಯನ್ನೇ ಪರೀಕ್ಷಕರು ಕೊಟ್ಟರು. ಆದರೂ ವೇಗದ ಅಂಕಿ ಎಲ್ಲರನ್ನೂ ಒಲಿಸಿತು.

ವಿಮಾನದ ದುರ್ದೆಸೆ ಶುರುವಾದದ್ದು ಆ ಬಳಿಕ. ಹೊಸ ಯುದ್ಧವಿಮಾನಗಳು ಒಮ್ಮೆಗೆ 1,000 ಕಿಲೋಮೀಟರ್ ದೂರ ಹಾರಲೇಬೇಕೆಂದು 1940ರ ಶರತ್ಕಾಲದಲ್ಲಿ ಸರ್ಕಾರ ಆಜ್ಞೆ ಹೊರಡಿಸಿತು. ಐ-301ರ ಹಾರಾಟದ ದೂರ ಅದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇತ್ತು. ವಿನ್ಯಾಸಕಾರರು ಅವಸರದಲ್ಲಿ ರೆಕ್ಕೆಯ ಹೊರತುದಿಗಳಲ್ಲೂ ಇಂಧನದ ತೊಟ್ಟಿಗಳನ್ನು ಇರಿಸಿ, ಮೂರಿದ್ದ ತೊಟ್ಟಿಗಳನ್ನು ಐದು ಮಾಡಿದರು. ಅದರಿಂದ ದೂರದ ಶರತ್ತೇನೋ ಪೂರೈಸಿತು, ಆದರೆ ಇಂಧನ, ತೊಟ್ಟಿ ಮತ್ತು ಅವನ್ನು ಹೊರಲು ಬೇಕಾದ ಬಲವರ್ಧನೆ ಎಲ್ಲ ಸೇರಿ ಭಾರ ಏರಿತು, ಎಂಜಿನ್ನಿನ ಶಕ್ತಿ ಮಾತ್ರ ಇದ್ದಷ್ಟೇ ಉಳಿಯಿತು. ರಂಗದ ಬಳಿಯಲ್ಲೇ ಹೊಡೆದಾಡುವ ಯುದ್ಧವಿಮಾನಕ್ಕೆ ಅಷ್ಟು ದೂರದ ಹಾರಾಟ ಅಗತ್ಯವಿತ್ತೇ ಎಂಬ ಪ್ರಶ್ನೆಗೆ ಮುಂದೆ ಯುದ್ಧವೇ ಉತ್ತರ ಕೊಟ್ಟಿತು: ನಂತರದ ಸರಣಿಗಳಲ್ಲಿ ಅದೇ ಹೊರತುದಿಯ ತೊಟ್ಟಿಗಳನ್ನು ತೆಗೆದುಹಾಕಲಾಯಿತು.

ಲಾಗ್-3 ಎಂಬ ಹೆಸರಿನಲ್ಲಿ ಉತ್ಪಾದನೆ ನಾಲ್ಕು ಕಾರ್ಖಾನೆಗಳಲ್ಲಿ ಶುರುವಾಯಿತು: ವೋಲ್ಗಾ ದಂಡೆಯ ಗೋರ್ಕಿ, ಅಝೋವ್ ಸಮುದ್ರದ ದಂಡೆಯ ತಗನ್‌ರೋಗ್, ಲೆನಿನ್‌ಗ್ರಾದ್ ಮತ್ತು ಸೈಬೀರಿಯಾದ ನೊವೊಸಿಬಿರ್ಸ್ಕ್. ಮಾದರಿಗೆ ಸಿಕ್ಕಿದ್ದ ಆರೈಕೆ ಸಾವಿರಗಟ್ಟಲೆ ಕಟ್ಟುವ ವಿಮಾನಗಳಿಗೆ ಸಿಗುವುದು ಸಾಧ್ಯವಿರಲಿಲ್ಲ. ಉಜ್ಜಿ ನುಣುಪು ಮಾಡುವ ಕೆಲಸ ನಿಂತಿತು. ಎಂಜಿನ್ ಮುಚ್ಚಳದ ಸಂದುಗಳಿಂದ ಗಾಳಿ ಒಳಹೊಕ್ಕು ವೇಗವನ್ನು ತಿನ್ನುತ್ತಿತ್ತು. ಚಕ್ರ ಮಡಚುವ ಬಾಗಿಲುಗಳು ಸರಿಯಾಗಿ ಕೂರುತ್ತಿರಲಿಲ್ಲ. ಕಾರ್ಖಾನೆಯಿಂದ ಬಂದ ವಿಮಾನ 3,300 ಕಿಲೋಗ್ರಾಮಿನ ಆಸುಪಾಸಿನಲ್ಲಿ ತೂಗುತ್ತಿತ್ತು ಮತ್ತು ಅದರ ವೇಗ ಮಾದರಿಯದಕ್ಕಿಂತ 30ರಿಂದ 50 ಕಿಲೋಮೀಟರಿನಷ್ಟು, ಕೆಲವು ಸಲ ಅದಕ್ಕಿಂತಲೂ ಹೆಚ್ಚು, ಕಡಿಮೆಯಿತ್ತು. ಇದಿರು ನಿಂತ ಮೆಸ್ಸರ್‌ಶ್ಮಿಟ್ 109ಎಫ್ ಇದಕ್ಕಿಂತ ಹಗುರ, ಅದರ ಎಂಜಿನ್ನೂ ಹೆಚ್ಚು ಶಕ್ತಿಯದು. ಹತ್ತಿರದ ಕಾದಾಟದಲ್ಲಿ ಪ್ರಾಣ ಉಳಿಸುವ ಗುಣಗಳಾದ ಏರಿಕೆ ಮತ್ತು ತಿರುವು, ಈ ಎರಡರಲ್ಲೂ ಲಾಗ್-3 ಹಿಂದೆ ಬಿತ್ತು. ನಿಯಂತ್ರಣದ ಕಡ್ಡಿಯನ್ನು ಜೋರಾಗಿ ಎಳೆದು ತಿರುಗಿಸಲು ಹೋದರೆ ವಿಮಾನ ಎಚ್ಚರಿಕೆಯನ್ನೇ ಕೊಡದೆ ಒಂದು ಪಕ್ಕಕ್ಕೆ ಮಗುಚಿ, ಹಿಡಿತ ತಪ್ಪಿ, ಸುತ್ತುತ್ತ ನೆಲದತ್ತ ಬೀಳತೊಡಗುತ್ತಿತ್ತು. ಪೈಲಟ್‌ಗಳ ಭಾಷೆಯಲ್ಲಿ ಸ್ಪಿನ್ ಎನ್ನುವುದು ಇದನ್ನೇ.

ನೆಲದ ಮೇಲೂ ತೊಂದರೆ ತಪ್ಪಿರಲಿಲ್ಲ. ಇಳಿಯುವಾಗ ಚಕ್ರದ ಕಾಲುಗಳು ಮುರಿಯುತ್ತಿದ್ದವು, ಎಣ್ಣೆ ಸೋರಿ ಮುಂಗಾಜನ್ನು ಮುಚ್ಚುತ್ತಿತ್ತು, ಕಳಪೆ ಪ್ಲಾಸ್ಟಿಕ್ಕಿನ ಮುಚ್ಚಳ ಕೆಲವೇ ವಾರಗಳಲ್ಲಿ ಹಳದಿಗಟ್ಟುತ್ತಿತ್ತು. ಅದರಿಂದಾಚೆ ಏನೂ ಕಾಣದೆ ಪೈಲಟ್‌ಗಳು ಮುಚ್ಚಳವನ್ನು ತೆರೆದಿಟ್ಟೇ, ಚಳಿಗಾಲದಲ್ಲಿ ಕೂಡ, ಹಾರುತ್ತಿದ್ದರು. ತೆರೆದ ಮುಚ್ಚಳ ವೇಗವನ್ನು ಇನ್ನಷ್ಟು ಕಡಿಮೆ ಮಾಡುತ್ತಿತ್ತು. ತರಬೇತಿಯ ಗಂಟೆಗಳು ಬೆರಳೆಣಿಕೆಗೆ ಇಳಿದಿದ್ದ 1941ರಲ್ಲಿ, ಹೊಸದಾಗಿ ರಂಗಕ್ಕೆ ಬಂದ ಇಪ್ಪತ್ತರ ಹರೆಯದ ಹುಡುಗರಿಗೆ ಇಂಥ ವಿಮಾನ ಎಷ್ಟು ಕ್ರೂರವಾಗಿ ವರ್ತಿಸಿರಬೇಕೆಂಬುದನ್ನು ಯಾವ ತಾಂತ್ರಿಕ ವಿವರಣೆಯೂ ಮರೆಮಾಚಬಾರದು. ಲಾಗ್ ಎಂಬ ಅಕ್ಷರಗಳನ್ನು ‘ಮೆರುಗೆಣ್ಣೆ ಬಳಿದ, ಖಾತರಿಯುಳ್ಳ ಶವಪೆಟ್ಟಿಗೆ’ ಎಂದು ಬಿಡಿಸಿ ಹೇಳುವ ಕಹಿ ಮಾತು ಈ ವಿಮಾನಕ್ಕೆ ಅಂಟಿಕೊಂಡಿತು.

ಆದರೂ ಅದನ್ನು ಕಟ್ಟುವುದು ನಿಲ್ಲಲಿಲ್ಲ, ನಿಲ್ಲಿಸುವ ಸ್ಥಿತಿಯೂ ಇರಲಿಲ್ಲ. 1941ರ ಬೇಸಿಗೆ ಮತ್ತು ಶರತ್ಕಾಲಗಳಲ್ಲಿ ಜರ್ಮನ್ ಸೇನೆ ಮುನ್ನುಗ್ಗಿದಾಗ ಝಪೊರೋಝ್ಯದ ಅಲ್ಯೂಮಿನಿಯಂ ಕಾರ್ಖಾನೆ ಕೈತಪ್ಪಿತು, ವೋಲ್ಖೋವಿನ ಯಂತ್ರಗಳನ್ನು ಬಿಚ್ಚಿ ಪೂರ್ವಕ್ಕೆ ಸಾಗಿಸಬೇಕಾಯಿತು, ಯುರಾಲಿನ ಕಾಮೆನ್ಸ್ಕ್ ಒಂದೇ ಉಳಿಯಿತು. ಅಲ್ಲಿಯವರೆಗೆ ಮುನ್ನೆಚ್ಚರಿಕೆಯಾಗಿದ್ದ ಮರದ ವಿಮಾನ ಈಗ ಅನಿವಾರ್ಯವಾಯಿತು. ತಗನ್‌ರೋಗಿನ ಕಾರ್ಖಾನೆಯನ್ನು ಜಾರ್ಜಿಯಾದ ತ್ಬಿಲಿಸಿಗೆ ಸ್ಥಳಾಂತರಿಸಲಾಯಿತು. 1941ರ ಒಂದೇ ವರ್ಷದಲ್ಲಿ 2,463, 1942ರಲ್ಲಿ 2,771 ಲಾಗ್-3 ವಿಮಾನಗಳು ಹೊರಬಂದವು. ಡೆಲ್ಟಾ ಮರಕ್ಕೆ ಬೇಕಾದ ರಾಳಕ್ಕೂ ಅಭಾವ ತಲೆದೋರಿದಾಗ ಅದರ ಜಾಗದಲ್ಲಿ ಸಾಮಾನ್ಯ ಪೈನ್ ಮರವನ್ನು ಹಾಕಲಾಯಿತು.

ಲಾಗ್-3ರ ರೂಪಾಂತರಗಳ ಎಣಿಕೆ ಓದುಗರನ್ನು ಬೆರಗುಗೊಳಿಸುವಂಥದು: ಮೊದಲನೆಯದರಿಂದ 66ನೆಯದರವರೆಗೆ ಸರಣಿಗಳಿದ್ದವು. ಆದರೆ ಅವು ಹೊಸ ಹೊಸ ವಿನ್ಯಾಸಗಳಾಗಿರದೆ, ಓಡುತ್ತಿರುವ ಕಾರ್ಖಾನೆಯನ್ನು ನಿಲ್ಲಿಸದೆ ಒಂದೊಂದಾಗಿ ದೋಷಗಳನ್ನು ತಿದ್ದುತ್ತ ಹೋದ ಹೆಜ್ಜೆಗುರುತುಗಳಾಗಿದ್ದವು. ಮೊದಲ ಸರಣಿಗಳಲ್ಲಿ ಮೆಷಿನ್‌ಗನ್‌ಗಳಷ್ಟೇ ಇದ್ದು, ಬಳಿಕ ಪ್ರೊಪೆಲ್ಲರಿನ ಟೊಳ್ಳು ನಡುವಿನಿಂದ ಗುಂಡು ಹಾರಿಸುವ 20 ಮಿಲಿಮೀಟರ್ ಶ್ವಾಕ್ ಫಿರಂಗಿ ಬಂತು. 11ನೆಯ ಸರಣಿಯ ಹೊತ್ತಿಗೆ ರೆಕ್ಕೆಯಡಿಯಲ್ಲಿ ರಾಕೆಟ್ ಮತ್ತು ಸಣ್ಣ ಬಾಂಬುಗಳನ್ನು ಒಯ್ಯುವ ಏರ್ಪಾಡಾಯಿತು. 29ನೆಯ ಸರಣಿಯಿಂದ ಸುಮಾರು 1,200 ಅಶ್ವಶಕ್ತಿಯ ಎಂ-105ಪಿಎಫ್ ಎಂಜಿನ್ ಅಳವಟ್ಟಿತು. 35ನೆಯ ಸರಣಿಯ ಬದಲಾವಣೆಗೆ ಇವೆಲ್ಲಕ್ಕಿಂತ ಹೆಚ್ಚಿನ ಮಹತ್ವವಿದೆ: ರೆಕ್ಕೆಯ ಮುಂದಿನ ಅಂಚಿನಲ್ಲಿ, ವೇಗ ಇಳಿದಾಗ ತಾನಾಗಿ ಮುಂದಕ್ಕೆ ಚಾಚಿಕೊಂಡು ಗಾಳಿಯ ಹರಿವು ರೆಕ್ಕೆಯನ್ನು ಬಿಟ್ಟು ಹೋಗದಂತೆ ತಡೆಯುವ ಪಟ್ಟಿಗಳನ್ನು ಜೋಡಿಸಲಾಯಿತು. ಎಷ್ಟೋ ಪೈಲಟ್‌ಗಳನ್ನು ಬಲಿ ತೆಗೆದುಕೊಂಡಿದ್ದ ಆ ಸ್ಪಿನ್ನಿಗೆ ಸಿಕ್ಕ ಮೊದಲ ನಿಜವಾದ ಮದ್ದು ಅದು. ಈ ಪಟ್ಟಿಗಳು ಮೊದಲ ಸರಣಿಯಲ್ಲೇ ಇದ್ದಿದ್ದರೆ ವಿಮಾನದ ಹೆಸರು ಇಷ್ಟು ಕೆಡುತ್ತಿರಲಿಲ್ಲ.

ಇವುಗಳ ಜೊತೆಗೆ ಬೇರೆ ಕವಲುಗಳೂ ಒಡೆದವು. ಗುದ್ಕೋವ್ ಅವರು ಟ್ಯಾಂಕುಗಳನ್ನು ಹೊಡೆಯಲೆಂದು ಮೂತಿಯಲ್ಲಿ 37 ಮಿಲಿಮೀಟರ್ ಫಿರಂಗಿಯನ್ನು ಕೂರಿಸಿದ ರೂಪವನ್ನು ಸಿದ್ಧಪಡಿಸಿದರು. ಅಂಥ ಕೆಲವು ವಿಮಾನಗಳು ರಂಗದಲ್ಲೂ ಹೋರಾಡಿದವು. ತ್ಬಿಲಿಸಿಯಲ್ಲಿ ಗೋರ್ಬುನೋವ್ ಅವರು ವಿಮಾನದ ಭಾರವನ್ನು ಇಳಿಸುವ ಕೆಲಸಕ್ಕೆ ತಮ್ಮನ್ನು ತೊಡಗಿಸಿಕೊಂಡರು, ಮತ್ತು ಕೊನೆಯ ಸರಣಿಗಳು ಮೊದಲಿನವುಗಳಿಗಿಂತ ಎಷ್ಟೋ ಹಗುರವೂ ಚುರುಕೂ ಆದವು.

ಈ ವಿಮಾನವನ್ನೇ ಹಾರಿಸಿ ಗೆದ್ದವರೂ ಇದ್ದರು. ಉತ್ತರದ ಕರೇಲಿಯಾ ರಂಗದಲ್ಲಿ ಲಿಯೊನಿದ್ ಗಾಲ್ಚೆಂಕೊ ತಮ್ಮ ಲಾಗ್-3ರ ಬಾಲದ ಮೇಲೆ ಕರಿಬೆಕ್ಕಿನ ಚಿತ್ರ ಬರೆಸಿಕೊಂಡು ಹೋರಾಡಿದರು. ದಕ್ಷಿಣದಲ್ಲಿ ಪಾವೆಲ್ ಕಮೋಝಿನ್ ತಮ್ಮ ಮೊದಲ ಗೆಲುವುಗಳನ್ನು ಇದರಲ್ಲೇ ಪಡೆದರು. ಫಿನ್ಲೆಂಡಿನವರು ತಮ್ಮ ಕೈಗೆ ಸಿಕ್ಕ ಮೂರು ಲಾಗ್-3 ವಿಮಾನಗಳನ್ನು ದುರಸ್ತಿ ಮಾಡಿ ಬಳಸಿದರು. 1944ರ ಫೆಬ್ರುವರಿಯಲ್ಲಿ ಅವುಗಳಲ್ಲೊಂದು ಸೋವಿಯತ್ ಕಡೆಯ ಇನ್ನೊಂದು ಲಾಗ್-3ನ್ನೇ ಹೊಡೆದುರುಳಿಸಿತು. ಎದುರಾಳಿಗೆ ಬೇಡವೆನಿಸದಷ್ಟು ಗುಣ ಅದರಲ್ಲಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

1942ರ ವಸಂತದ ಹೊತ್ತಿಗೆ ಮಾಸ್ಕೋದ ತಾಳ್ಮೆ ಮುಗಿದಿತ್ತು. ಅಲೆಕ್ಸಾಂದರ್ ಯಾಕೊವ್ಲೆವ್ ಅವರ ಯಾಕ್ ವಿಮಾನಗಳು ಹಗುರವೂ ಚುರುಕೂ ಆಗಿದ್ದುದರಿಂದ ನೊವೊಸಿಬಿರ್ಸ್ಕಿನ ಕಾರ್ಖಾನೆಯನ್ನು ಯಾಕ್-7ಕ್ಕೆ ಕೊಡಲಾಯಿತು. ಗೋರ್ಕಿಯನ್ನೂ ಅದಕ್ಕೇ ಒಪ್ಪಿಸಿ, ಲಾವೊಚ್ಕಿನ್ ತಮ್ಮ ಸಿಬ್ಬಂದಿಯೊಡನೆ ತ್ಬಿಲಿಸಿಗೆ ಹೊರಡಬೇಕೆಂಬ ನಿರ್ಣಯವಾಯಿತು. ಯಾಕೊವ್ಲೆವ್ ಆಗ ವಿಮಾನ ಕೈಗಾರಿಕೆಯ ಉಪಮಂತ್ರಿಯೂ ಆಗಿದ್ದರೆಂಬುದನ್ನು ನೆನೆದರೆ, ಪೈಪೋಟಿಗಿಳಿದ ವಿನ್ಯಾಸಕಾರನೇ ತೀರ್ಪುಗಾರರ ಸಾಲಿನಲ್ಲೂ ಕುಳಿತ ಆ ವ್ಯವಸ್ಥೆಯನ್ನು ನ್ಯಾಯವೆಂದು ಒಪ್ಪುವುದು ಕಷ್ಟ. ಆದರೆ ಆಗಿನ ಲಾಗ್-3ಕ್ಕಿಂತ ಯಾಕ್ ಮೇಲಾಗಿತ್ತೆಂಬುದೂ ಅಷ್ಟೇ ನಿಜ.

ಲಾಗ್-3ನ್ನು ಉಳಿಸಿದ್ದು ಯಾರೂ ಕೇಳುವವರಿಲ್ಲದೆ ಉಳಿದಿದ್ದ ಒಂದು ಎಂಜಿನ್. ಅರ್ಕಾದಿ ಶ್ವೆತ್ಸೋವ್ ಅವರು ಪೆರ್ಮ್ ನಗರದಲ್ಲಿ ರೂಪಿಸಿದ ಎಂ-82 ಎಂಬ ಈ ಎಂಜಿನ್ನಿನಲ್ಲಿ 14 ಸಿಲಿಂಡರುಗಳು ಎರಡು ವೃತ್ತಗಳಲ್ಲಿ ನಕ್ಷತ್ರದಂತೆ ಹರಡಿದ್ದವು, ಅದು ನೀರಿಲ್ಲದೆ ಬರಿಯ ಗಾಳಿಯಿಂದಲೇ ತಣಿಯುತ್ತಿತ್ತು ಮತ್ತು ನೆಲ ಬಿಡುವಾಗ 1,700 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಆದರೆ ಅದರ ವ್ಯಾಸ 1,260 ಮಿಲಿಮೀಟರ್, ಲಾಗ್-3ರ ಒಡಲಿನ ಅಗಲ 800 ಮಿಲಿಮೀಟರಿಗೂ ಕಡಿಮೆ. ಭಾರವೂ ಹಳೆಯದಕ್ಕಿಂತ ಸುಮಾರು 250 ಕಿಲೋಗ್ರಾಮ್ ಹೆಚ್ಚು. ಇದನ್ನು ಮೊದಲು ಲಾಗ್-3ಕ್ಕೆ ಜೋಡಿಸಿ ಹಾರಿಸಿದವರು ಗುದ್ಕೋವ್, 1941ರಲ್ಲೇ. ಗೋರ್ಕಿಯಲ್ಲಿ ಲಾವೊಚ್ಕಿನ್ ಮತ್ತು ಅವರ ಸಹಾಯಕ ಸೆಮ್ಯೋನ್ ಅಲೆಕ್ಸೆಯೆವ್ ಅದೇ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿದರು. ಹೊಸ ಒಡಲನ್ನು ಕಟ್ಟಲು ಸಮಯವಿಲ್ಲದ ಕಾರಣ, ಇದ್ದ ಮರದ ಒಡಲಿನ ಎರಡೂ ಪಕ್ಕಗಳಿಗೆ ತೆಳು ಪಟ್ಟಿಗಳನ್ನು ಅಂಟಿಸಿ, ಅವುಗಳ ಮೇಲೆ ಇನ್ನೊಂದು ಪ್ಲೈವುಡ್ ಹೊದಿಕೆಯನ್ನು ಹಾಸಿ, ದುಂಡನೆಯ ಎಂಜಿನ್ನಿನಿಂದ ಕಿರಿದಾದ ಬಾಲದವರೆಗೆ ನಯವಾಗಿ ಇಳಿಯುವ ಮೈಯನ್ನು ಮಾಡಿದರು. ತಣಿಸುವ ಗಾಳಿ ಹೊರಹೋಗಲು ಎಂಜಿನ್ನಿನ ಎರಡು ಪಕ್ಕಗಳಲ್ಲಿ ತೆರೆದು ಮುಚ್ಚುವ ಅಗಲವಾದ ಕದಗಳನ್ನಿಟ್ಟರು. ಪ್ರೊಪೆಲ್ಲರಿನ ನಡುವಿನಿಂದ ಗುಂಡು ಹಾರಿಸುವುದು ಇನ್ನು ಸಾಧ್ಯವಿಲ್ಲದ್ದರಿಂದ, ಅದರ ಅಲಗುಗಳ ನಡುವೆ ಸಮಯ ನೋಡಿ ಹಾರುವ ಎರಡು 20 ಮಿಲಿಮೀಟರ್ ಫಿರಂಗಿಗಳನ್ನು ಎಂಜಿನ್ನಿನ ಮೇಲೆ ಕೂರಿಸಿದರು. ಲೋಹದ ಒಡಲಿಗೆ ಈ ಬಗೆಯ ತಿದ್ದುಪಡಿ ಮಾಡಬೇಕಾಗಿದ್ದರೆ ಹೊಸ ಅಚ್ಚುಗಳೂ ತಿಂಗಳುಗಟ್ಟಲೆ ಕಾಲವೂ ಬೇಕಾಗುತ್ತಿದ್ದವು. ಮರವಾದ್ದರಿಂದ ಅಂಟು, ಪಟ್ಟಿ ಮತ್ತು ಬಡಗಿಯ ಕೈ ಸಾಕಾಯಿತು.

1942ರ ಮಾರ್ಚ್‌ನಲ್ಲಿ ಪೈಲಟ್ ವಸೀಲಿ ಮಿಶ್ಚೆಂಕೊ ಈ ವಿಮಾನವನ್ನು ಗೋರ್ಕಿಯಲ್ಲಿ ಮೊದಲ ಸಲ ಹಾರಿಸಿದರು. ಎಂಜಿನ್ ಕಾಯುವ ತೊಂದರೆ ಇನ್ನೂ ಇತ್ತಾದರೂ ಅದು ಗಂಟೆಗೆ 600 ಕಿಲೋಮೀಟರ್ ವೇಗವನ್ನು ಮುಟ್ಟಿತು. ಸರ್ಕಾರಿ ಪರೀಕ್ಷೆ ಮುಗಿಯುತ್ತಲೇ, ಯಾಕ್-7ಕ್ಕೆ ಮೀಸಲಾಗಿದ್ದ ಗೋರ್ಕಿ ಕಾರ್ಖಾನೆ ಲಾವೊಚ್ಕಿನ್ ಅವರಿಗೇ ಉಳಿಯಿತು. ಮೊದಲು ಲಾಗ್-5 ಎನಿಸಿಕೊಂಡು, ಉಳಿದ ಇಬ್ಬರ ಹೆಸರುಗಳನ್ನು ಕಳಚಿ ಲಾ-5 ಎಂದು ನೆಲೆಗೊಂಡ ಈ ವಿಮಾನ ಆ ಶರತ್ಕಾಲದಲ್ಲೇ ಸ್ಟಾಲಿನ್‌ಗ್ರಾದಿನ ಮೇಲೆ ಹೋರಾಟಕ್ಕಿಳಿಯಿತು.

ಲಾ-5ರ ರೆಕ್ಕೆ, ಬಾಲ, ಒಡಲಿನ ಚೌಕಟ್ಟು, ಎಲ್ಲವೂ ಲಾಗ್-3ರವೇ. ಹಾಗಾದರೆ ಹಿಂದಿನ ದುರಂತಕ್ಕೆ ಮರವೇ ಕಾರಣವೆಂಬ ಮಾತು ನಿಲ್ಲುವುದಿಲ್ಲ. ಅದೇ ವರ್ಷಗಳಲ್ಲಿ ಬ್ರಿಟನ್ನಿನ ಮೊಸ್ಕಿಟೊ, ಮರದಲ್ಲೇ ಕಟ್ಟಿದ್ದರೂ, ಯುದ್ಧದ ಅತ್ಯಂತ ಯಶಸ್ವಿ ವಿಮಾನಗಳಲ್ಲಿ ಒಂದಾಯಿತು. ಅದಕ್ಕೆ ಎರಡು ಬಲವಾದ ಮರ್ಲಿನ್ ಎಂಜಿನ್‌ಗಳಿದ್ದವು. ಅಷ್ಟೇ ಬಲದ ಮರದ ಒಡಲು ಲೋಹದ್ದಕ್ಕಿಂತ ಭಾರವಾಗುತ್ತದೆ, ಆ ಭಾರಕ್ಕೆ ತಕ್ಕ ಶಕ್ತಿಯನ್ನು ಕೊಡಬೇಕು ಅಥವಾ ಇತರ ಹೊರೆಗಳನ್ನು ಕಡಿಮೆ ಮಾಡಬೇಕು. 1940ರಲ್ಲಿ ಮಾಡಿದ್ದು ಇದಕ್ಕೆ ತೀರ ವಿರುದ್ಧ: ಶಕ್ತಿ ಸಾಲದ ವಿಮಾನದ ಮೇಲೆ ಇನ್ನಷ್ಟು ಇಂಧನವನ್ನು ಹೇರಿ, ದೋಷಗಳ ಪಟ್ಟಿ ಕೈಯಲ್ಲಿರುವಾಗಲೇ ನಾಲ್ಕು ಕಾರ್ಖಾನೆಗಳಿಗೆ ಆದೇಶ ಕೊಡಲಾಯಿತು. ಮರದ ಕೆಲಸಕ್ಕೆ ಅದರದೇ ಅಪಾಯಗಳಿದ್ದವೆಂಬುದೂ ಸತ್ಯ. 1943ರ ಬೇಸಿಗೆಯಲ್ಲಿ, ಕೂರ್ಸ್ಕ್ ಕದನದ ಹೊಸ್ತಿಲಲ್ಲಿ, ಕಳಪೆ ಬಣ್ಣ ಮತ್ತು ಅರಗಿನ ದೆಸೆಯಿಂದ ಯಾಕ್ ವಿಮಾನಗಳ ರೆಕ್ಕೆಯ ಹೊದಿಕೆ ಹಾರಾಟದಲ್ಲೇ ಕಿತ್ತುಬರತೊಡಗಿ, ನೂರಾರು ವಿಮಾನಗಳನ್ನು ಅವಸರದಲ್ಲಿ ದುರಸ್ತಿ ಮಾಡಬೇಕಾಯಿತು. ಅಲ್ಲಿಯೂ ತಪ್ಪು ಮರದ್ದಾಗಿರದೆ ಅದನ್ನು ಕಾಪಾಡಬೇಕಾದ ವಸ್ತುಗಳ ಗುಣಮಟ್ಟದ್ದಾಗಿತ್ತು.

ವಿಮಾನಕ್ಕೆ ಹೆಸರು ಕೊಟ್ಟ ಮೂವರ ದಾರಿಗಳು ಬೇರೆ ಬೇರೆಯಾದವು. ಗುದ್ಕೋವ್ ಸ್ವತಂತ್ರವಾಗಿ ರೂಪಿಸಿದ ಗು-1 ಎಂಬ ಯುದ್ಧವಿಮಾನ 1943ರ ಜೂನ್‌ನಲ್ಲಿ ತನ್ನ ಮೊದಲ ಹಾರಾಟಗಳಲ್ಲೇ ನೆಲಕ್ಕಪ್ಪಳಿಸಿತು. ಅದನ್ನು ಹಾರಿಸುತ್ತಿದ್ದವರು ಮೂರು ವರ್ಷಗಳ ಹಿಂದೆ ಐ-301ನ್ನು ಮೊದಲು ಮೇಲೇರಿಸಿದ್ದ ನಿಕಾಶಿನ್. ಅವರು ಆ ಅಪಘಾತದಲ್ಲಿ ಮಡಿದರು, ಗುದ್ಕೋವ್ ಅವರ ವಿನ್ಯಾಸ ಕಚೇರಿಯನ್ನು ಮುಚ್ಚಲಾಯಿತು. ಸೋವಿಯತ್ ವಿಮಾನಚರಿತ್ರೆಯ ಪುಸ್ತಕಗಳಲ್ಲಿ ಲಾವೊಚ್ಕಿನ್ ಅವರ ಹೆಸರು ದೊಡ್ಡದಾಗಿ ಬರುತ್ತದೆ. ಅದರ ಪಕ್ಕದಲ್ಲಿ ಎಂ-82ನ್ನು ಮೊದಲು ಈ ಒಡಲಿಗೆ ಜೋಡಿಸಿದ ಗುದ್ಕೋವ್ ಅವರಿಗೂ, ತ್ಬಿಲಿಸಿಯಲ್ಲಿ ಸದ್ದಿಲ್ಲದೆ ವಿಮಾನದ ಭಾರ ಇಳಿಸಿದ ಗೋರ್ಬುನೋವ್ ಅವರಿಗೂ ಸಲ್ಲಬೇಕಾದ ಪಾಲು ಸಲ್ಲಬೇಕು.

ಲಾ-5ರ ಕೊನೆಯ ಮುಖ್ಯ ರೂಪವಾದ ಲಾ-5ಎಫ್‌ಎನ್‌ನಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ, 1,850 ಅಶ್ವಶಕ್ತಿಯ ಎಂಜಿನ್ ಬಂತು. 1944ರ ಲಾ-7ರಲ್ಲಿ ರೆಕ್ಕೆಯ ಮರದ ತೊಲೆಗಳ ಜಾಗಕ್ಕೆ ಲೋಹದ ತೊಲೆಗಳು ಬಂದು ಭಾರ ಇಳಿಯಿತು. ತಮ್ಮ 62 ಗೆಲುವುಗಳನ್ನೂ ಲಾವೊಚ್ಕಿನ್ ವಿಮಾನಗಳಲ್ಲೇ ಪಡೆದ ಇವಾನ್ ಕೊಝೆದೂಬ್ ಹಾರಿಸಿದ 27ನೆಯ ಸಂಖ್ಯೆಯ ಲಾ-7 ಇಂದು ಮಾಸ್ಕೋ ಬಳಿಯ ಮೋನಿನೊ ವಾಯುಪಡೆ ಸಂಗ್ರಹಾಲಯದಲ್ಲಿದೆ. ತ್ಬಿಲಿಸಿಯ ಕಾರ್ಖಾನೆ 1943ರಲ್ಲಿ 1,065, 1944ರಲ್ಲಿ 229 ವಿಮಾನಗಳನ್ನು ಕಟ್ಟಿ ಲಾಗ್-3ರ ಉತ್ಪಾದನೆಯನ್ನು ನಿಲ್ಲಿಸಿತು. ಒಟ್ಟು ಸಂಖ್ಯೆ 6,528. ಯುದ್ಧ ಮುಗಿದು ಅಲ್ಯೂಮಿನಿಯಂ ಮತ್ತೆ ಕೈಗೆಟುಕಿದಾಗ, ಲಾವೊಚ್ಕಿನ್ ಅವರ ಮುಂದಿನ ವಿಮಾನವಾದ 1946ರ ಲಾ-9ನ್ನು ಪೂರ್ತಿಯಾಗಿ ಲೋಹದಲ್ಲಿ ಕಟ್ಟಲಾಯಿತು.